ಮೊದಲ ವೆಬ್ ಸರ್ವರ್: ಒಳಗಿನಿಂದ ಹೊರಕ್ಕೆ

ವೆಬ್ ಸರ್ವರ್ ಹಾಕುವುದು ಕಷ್ಟದ ಕೆಲಸವೇನಲ್ಲ. ಉಬುಂಟು ಅಥವಾ ಡೆಬಿಯನ್ ಎಂಬ ಲಿನಕ್ಸ್ ಇರುವ ಯಾವುದೇ ಯಂತ್ರದಲ್ಲಿ ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದರೆ ಒಂದೆರಡು ನಿಮಿಷದಲ್ಲಿ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಪ್ರೋಗ್ರಾಮ್ ಓಡತೊಡಗುತ್ತದೆ. ಕಷ್ಟ ಶುರುವಾಗುವುದು ಆಮೇಲೆ. ಅದೇ ಯಂತ್ರದಲ್ಲಿ ಪುಟ ಚೆನ್ನಾಗಿ ತೆರೆಯುತ್ತದೆ, ಕೈಯಲ್ಲಿರುವ ಫೋನಿನಲ್ಲಿ ತೆರೆಯುವುದಿಲ್ಲ. ಆಗ ಹೊಸಬರು ಸಿಕ್ಕ ಸಿಕ್ಕ ಕಡೆಯಿಂದ ಕಾನ್ಫಿಗ್ (ಸೆಟ್ಟಿಂಗ್ ಫೈಲ್) ತಂದು ಅಂಟಿಸುತ್ತಾರೆ, ಅದೂ ಆಗದಿದ್ದರೆ ಎಲ್ಲ ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡುತ್ತಾರೆ. ಎಷ್ಟೋ ಸಲ ತೊಂದರೆ ಎಂಜಿನ್‌ಎಕ್ಸ್‌ನಲ್ಲಿ ಇರುವುದೇ ಇಲ್ಲ. ಒಳಬರುವುದನ್ನು ತಡೆಯುವ ಫೈರ್‌ವಾಲ್‌ನಲ್ಲೋ, ರೂಟರ್‌ನಲ್ಲೋ, ಹೆಸರಿನಿಂದ ಯಂತ್ರದ ವಿಳಾಸ ಹುಡುಕಿಕೊಡುವ ಡಿಎನ್‌ಎಸ್‌ನಲ್ಲೋ ಇರುತ್ತದೆ. ಬೇರೆ ಕಡೆ ಕೆಟ್ಟಿರುವುದನ್ನು ಎಂಜಿನ್‌ಎಕ್ಸ್‌ನಲ್ಲಿ ಹುಡುಕಿದರೆ ಸರಿಯಿದ್ದದ್ದೂ ಕೆಡುತ್ತದೆ.

ಹಾಗಾಗಿ ಮೊದಲು ಕಲಿಯಬೇಕಾದ್ದು ಕಾನ್ಫಿಗ್ ಅಲ್ಲ. ಬ್ರೌಸರ್ ಕಳಿಸಿದ ರಿಕ್ವೆಸ್ಟ್ ಎಲ್ಲಿವರೆಗೆ ಬಂತು, ಎಲ್ಲಿ ನಿಂತಿತು ಎಂದು ಪತ್ತೆ ಮಾಡುವುದು. ಯಂತ್ರದ ಒಳಗಿನಿಂದ ಶುರುಮಾಡಿ ಒಂದೊಂದೇ ಹೆಜ್ಜೆ ಹೊರಗೆ ಬರಬೇಕು, ಪ್ರತಿ ಹೆಜ್ಜೆಯಲ್ಲೂ ಪರೀಕ್ಷಿಸಬೇಕು. ಈ ಬರಹವೂ ಅದೇ ದಾರಿಯಲ್ಲಿ ಹೋಗುತ್ತದೆ. (ಕಮಾಂಡುಗಳನ್ನು ಇಲ್ಲಿ ಕನ್ನಡ ಅಕ್ಷರಗಳಲ್ಲಿ, ಬಾಯಲ್ಲಿ ಹೇಳುವ ಹಾಗೆ ಬರೆದಿದೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಒತ್ತಬೇಕು.)

ಸರ್ವರ್ ಎಂಬುದು ಎಷ್ಟು ಚಿಕ್ಕದು

1990ರ ಕೊನೆಯಲ್ಲಿ ಜಿನೀವಾ ಹತ್ತಿರದ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಟಿಮ್ ಬರ್ನರ್ಸ್-ಲೀ ಓಡಿಸಿದ ಮೊದಲ ವೆಬ್ ಸರ್ವರ್ ಇದ್ದದ್ದು ಅವರ ಮೇಜಿನ ನೆಕ್ಸ್ಟ್ ಕಂಪ್ಯೂಟರಿನಲ್ಲಿ. ಯಾರಾದರೂ ಆರಿಸಿಬಿಟ್ಟಾರು ಎಂದು, ಇದು ಸರ್ವರ್, ಆಫ್ ಮಾಡಬೇಡಿ ಎಂಬ ಚೀಟಿಯನ್ನು ಅದಕ್ಕೆ ಅಂಟಿಸಿದ್ದರು. ಬ್ರೌಸರ್-ಸರ್ವರ್ ಮಾತಿನ ನಿಯಮವಾದ ಎಚ್‌ಟಿಟಿಪಿಯಲ್ಲಿ ಆಗ ರಿಕ್ವೆಸ್ಟ್ ಅಂದರೆ ಒಂದೇ ಸಾಲು: 'ಗೆಟ್' ಎಂಬ ಪದ, ಅದರ ಮುಂದೆ ಪುಟದ ವಿಳಾಸ. ಸರ್ವರ್ ಆ ಫೈಲನ್ನು ಕಳಿಸಿ ಸಂಪರ್ಕ ಮುಚ್ಚುತ್ತಿತ್ತು. 'ಸಿಗಲಿಲ್ಲ' ಎನ್ನುವ 404 ಕೂಡ ಇರಲಿಲ್ಲ, ಪುಟದ ಜೊತೆ ಹೋಗುವ ವಿವರದ ಸಾಲುಗಳಾದ ಹೆಡರ್‌ಗಳೂ ಇರಲಿಲ್ಲ. ಈಗ ಮೇಲೆ ಎಷ್ಟೇ ಪದರ ಬಂದಿದ್ದರೂ ಬುಡದ ಕೆಲಸ ಬದಲಾಗಿಲ್ಲ. ಒಂದು ಪೋರ್ಟ್‌ನಲ್ಲಿ (ಯಂತ್ರದ ನಂಬರು ಹಾಕಿದ ಬಾಗಿಲು) ಕಿವಿಗೊಟ್ಟು ಕೂತಿರುವುದು, ಕೇಳಿದ ಫೈಲ್ ಇದ್ದರೆ ಕೊಡುವುದು, ಇಲ್ಲದಿದ್ದರೆ ಇಲ್ಲ ಎನ್ನುವುದು.

ಇದನ್ನು ಕಣ್ಣಾರೆ ನೋಡಲು ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಪೈಥಾನ್ 3 ಇರುವ ಯಂತ್ರದಲ್ಲಿ ಒಂದು ಹೊಸ ಫೋಲ್ಡರ್ ಮಾಡಿ, ಅದರಲ್ಲಿ ನಾಲ್ಕು ಸಾಲಿನ ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್ ಇಡಿ. ಅದೇ ಫೋಲ್ಡರಿನಲ್ಲಿ ನಿಂತು 'ಪೈಥಾನ್3 ಹೈಫನ್-ಎಂ ಎಚ್‌ಟಿಟಿಪಿ-ಡಾಟ್-ಸರ್ವರ್ 8000' ಎಂದು ಕೊಡಿ. ಬ್ರೌಸರಿನಲ್ಲಿ 127.0.0.1:8000 (ಇದೇ ಯಂತ್ರ, ಪೋರ್ಟ್ 8000) ತೆರೆದರೆ ನಿಮ್ಮ ಪುಟ ಬರುತ್ತದೆ, ಟರ್ಮಿನಲ್‌ನಲ್ಲಿ ಪ್ರತಿ ರಿಕ್ವೆಸ್ಟಿಗೂ ಒಂದು ಸಾಲು ಬೀಳುತ್ತದೆ. ಹೊಸ ಫೋಲ್ಡರ್ ಎಂದದ್ದಕ್ಕೆ ಕಾರಣ ಇದೆ. ಇಂಡೆಕ್ಸ್ ಫೈಲ್ ಇಲ್ಲದ ಫೋಲ್ಡರಿನಲ್ಲಿ ಇದೇ ಕಮಾಂಡ್ ಕೊಟ್ಟರೆ ಒಳಗಿನ ಎಲ್ಲ ಫೈಲುಗಳ ಪಟ್ಟಿ ಹೊರಬರುತ್ತದೆ. ಹೋಮ್ ಫೋಲ್ಡರಿನಲ್ಲಿ ನಿಂತು ಕೊಟ್ಟರೆ ಅದೇ ವೈಫೈನಲ್ಲಿರುವ ಯಾರು ಬೇಕಾದರೂ ನಿಮ್ಮ ಫೈಲುಗಳನ್ನು ಇಳಿಸಿಕೊಳ್ಳಬಹುದು. ಇನ್ನು ವೆಬ್‌ಗೆ ಮೀಸಲಾದ ಪೋರ್ಟ್ 80 ಬಿಟ್ಟು 8000 ಏಕೆಂದರೆ, ಲಿನಕ್ಸ್‌ನಲ್ಲಿ 1024ಕ್ಕಿಂತ ಕೆಳಗಿನ ಪೋರ್ಟುಗಳನ್ನು ಸಾಮಾನ್ಯ ಬಳಕೆದಾರ ತೆರೆಯುವಂತಿಲ್ಲ, ರೂಟ್ (ಯಂತ್ರದ ಪೂರ್ಣಾಧಿಕಾರಿ) ಅನುಮತಿ ಬೇಕು.

ಈಗ ಇನ್ನೊಂದು ಟರ್ಮಿನಲ್ ತೆರೆದು ಅದೇ ವಿಳಾಸಕ್ಕೆ 'ಕರ್ಲ್ ಹೈಫನ್-ವಿ' ಕೊಡಿ. ಕರ್ಲ್ ಎಂದರೆ ಟರ್ಮಿನಲ್‌ನಿಂದಲೇ ಪುಟ ಕೇಳುವ ಪ್ರೋಗ್ರಾಮ್. ಹೋದ ಸಾಲುಗಳು ಒಂದು ಬಗೆಯ ಬಾಣದ ಗುರುತಿನಲ್ಲಿ, ಬಂದ ಸಾಲುಗಳು ಇನ್ನೊಂದು ಬಗೆಯ ಗುರುತಿನಲ್ಲಿ ಕಾಣುತ್ತವೆ. ಬ್ರೌಸರ್ ಹಳೆಯ ಪುಟವನ್ನು ಕ್ಯಾಶ್‌ನಿಂದ ತೋರಿಸಿ ಮೋಸ ಮಾಡುತ್ತದೆ, ಕೆಲವೊಮ್ಮೆ ಕೇಳದೆಯೇ ಎಚ್‌ಟಿಟಿಪಿಎಸ್‌ಗೆ (ಗೂಢಲಿಪಿಯ ಎಚ್‌ಟಿಟಿಪಿಗೆ) ಹಾರುತ್ತದೆ. ಕರ್ಲ್ ನಡೆದದ್ದನ್ನು ನಡೆದಂತೆ ಹೇಳುತ್ತದೆ. ಮುಂದೆ ಎಲ್ಲೆಲ್ಲಿ 'ಪರೀಕ್ಷಿಸಿ' ಎಂದಿದೆಯೋ ಅಲ್ಲೆಲ್ಲ ಕರ್ಲ್ ಎಂದೇ ಓದಿಕೊಳ್ಳಿ.

ಮನೆಯಲ್ಲೋ, ಬಾಡಿಗೆಯಲ್ಲೋ

ಹಳೆಯ ಲ್ಯಾಪ್‌ಟಾಪ್ ಕಲಿಯುವುದಕ್ಕೆ ತುಂಬ ಒಳ್ಳೆಯ ಸರ್ವರ್. ಬ್ಯಾಟರಿ ಇನ್ನೂ ಸ್ವಲ್ಪ ಜೀವ ಹಿಡಿದಿದ್ದರೆ ಕರೆಂಟು ಹೋದಾಗ ಅದೇ ಯುಪಿಎಸ್. ಮುಚ್ಚಳ ಮುಚ್ಚಿದರೆ ನಿದ್ದೆಗೆ ಜಾರುವುದನ್ನು ಮಾತ್ರ ತಪ್ಪಿಸಬೇಕು: ಲಿನಕ್ಸ್‌ನ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯ ಲಾಗಿನ್‌ಡಿ ಕಾನ್ಫಿಗ್‌ನಲ್ಲಿ 'ಹ್ಯಾಂಡಲ್ ಲಿಡ್ ಸ್ವಿಚ್' ಎಂಬುದನ್ನು 'ಇಗ್ನೋರ್' ಮಾಡಿ ರೀಬೂಟ್ ಮಾಡಿದರೆ ಆಯಿತು. ಅಂಗೈಯಗಲದ ಕಂಪ್ಯೂಟರ್ ರಾಸ್ಪ್‌ಬೆರಿ ಪೈ ಕೂಡ ಸಾಕು. ಆದರೆ ಅದರ ಮೆಮೊರಿ ಕಾರ್ಡು ಬರೆಯುತ್ತಿರುವಾಗಲೇ ಕರೆಂಟು ಹೋದರೆ ಫೈಲ್ ಸಿಸ್ಟಮ್ ಹಾಳಾಗಬಹುದು. ನಮ್ಮ ಊರುಗಳ ಲೋಡ್ ಶೆಡ್ಡಿಂಗ್‌ನಲ್ಲಿ ಇದು ದೂರದ ಮಾತಲ್ಲ. ಯುಎಸ್‌ಬಿಯಲ್ಲಿ ಒಂದು ಚಿಕ್ಕ ಎಸ್‌ಎಸ್‌ಡಿ ಹಾಕಿ ಅದರಿಂದಲೇ ಬೂಟ್ ಮಾಡುವುದು ವಾಸಿ.

ಮನೆಯ ಸರ್ವರನ್ನು ಹೊರಗಿನವರಿಗೆ ತೋರಿಸುವುದು ಬೇರೆಯೇ ಕತೆ. ಪೋರ್ಟ್ ಫಾರ್ವರ್ಡಿಂಗ್ (ಹೊರಗಿನ ರಿಕ್ವೆಸ್ಟನ್ನು ರೂಟರ್ ಒಳಗಿನ ಯಂತ್ರಕ್ಕೆ ದಾಟಿಸುವುದು) ಹಾಕಿ ಗಂಟೆಗಟ್ಟಲೆ ಒದ್ದಾಡುವ ಮೊದಲು ಒಂದು ನಿಮಿಷದ ಪರೀಕ್ಷೆ ಮಾಡಿ. ರೂಟರಿನ ಅಡ್ಮಿನ್ ಪುಟದಲ್ಲಿ ವ್ಯಾನ್ ಐಪಿ (ರೂಟರಿನ ಹೊರಬದಿಯ ವಿಳಾಸ) ಎಂದು ಒಂದು ಸಂಖ್ಯೆ ಇರುತ್ತದೆ. 'ನನ್ನ ಐಪಿ ಯಾವುದು' ಎಂದು ತೋರಿಸುವ ಯಾವುದಾದರೂ ಜಾಲತಾಣ ಹೇಳುವ ಸಂಖ್ಯೆಯೂ ಅದೂ ಒಂದೇ ಆಗಿದ್ದರೆ ಸರಿ. ಬೇರೆ ಬೇರೆಯಾಗಿದ್ದರೆ, ಅದರಲ್ಲೂ ರೂಟರಿನಲ್ಲಿ ಇರುವುದು 100.64ರಿಂದ 100.127ರ ನಡುವೆ ಶುರುವಾದರೆ, ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಅಂದರೆ ಒಂದೇ ಸಾರ್ವಜನಿಕ ಐಪಿಯನ್ನು ಇಂಟರ್ನೆಟ್ ಕಂಪನಿ ಹಲವು ಮನೆಗಳಿಗೆ ಹಂಚಿದೆ. ಹೊರಗಿನ ರಿಕ್ವೆಸ್ಟ್ ನಿಮ್ಮ ರೂಟರನ್ನು ಮುಟ್ಟುವುದೇ ಇಲ್ಲ, ಅಲ್ಲಿ ಏನು ಫಾರ್ವರ್ಡ್ ಮಾಡಿದರೂ ನಡೆಯದು. ದುಡ್ಡು ಕೊಟ್ಟು ಸ್ಟ್ಯಾಟಿಕ್ (ಬದಲಾಗದ, ನಿಮ್ಮದೇ) ಐಪಿ ಕೇಳಬೇಕು, ಇಲ್ಲವೇ ಹೊರಗಿನ ಸರ್ವರ್ ಮೂಲಕ ದಾರಿ ಕೊಡುವ ಟನಲ್ ಸೇವೆ ಹಿಡಿಯಬೇಕು.

ಕಲಿಯುವುದು ಮನೆಯ ಯಂತ್ರದಲ್ಲಿ, ನಾಲ್ಕು ಜನ ನೋಡಬೇಕಾದ್ದು ಬಾಡಿಗೆಯ ವಿಪಿಎಸ್‌ನಲ್ಲಿ (ಡೇಟಾಸೆಂಟರಿನ ಯಂತ್ರದಲ್ಲಿ ನಿಮ್ಮ ಪಾಲಿನ ಒಂದು ಭಾಗ) ಎಂದು ಭಾಗ ಮಾಡಿಕೊಂಡರೆ ತಲೆನೋವು ಕಡಿಮೆ. ಬರೀ ಎಚ್‌ಟಿಎಂಎಲ್ ಪುಟಗಳಿಗೆ ಒಂದು ಜಿಬಿ ರ‍್ಯಾಮ್, ಒಂದು ಸಿಪಿಯು ಇರುವ ಅತಿ ಅಗ್ಗದ ಪ್ಲಾನ್ ಧಾರಾಳವಾಯಿತು. ಓದುಗರು ಹೆಚ್ಚಾಗಿ ಕರ್ನಾಟಕದವರಾದರೆ ಬೆಂಗಳೂರು ಅಥವಾ ಮುಂಬೈ ಡೇಟಾಸೆಂಟರ್ ಆರಿಸಿ. ಅಮೆರಿಕದಲ್ಲಿಟ್ಟರೆ ಒಂದು ಸಲ ಹೋಗಿಬರಲಿಕ್ಕೇ ಸುಮಾರು ಕಾಲು ಸೆಕೆಂಡು ಹಿಡಿಯುತ್ತದೆ. ಮೊದಲ ಪುಟ ತೆರೆಯುವಷ್ಟರಲ್ಲಿ ಅಂಥ ಹಲವು ಓಡಾಟ ಆಗುವುದರಿಂದ ಅದು ಕಣ್ಣಿಗೇ ಗೊತ್ತಾಗುತ್ತದೆ. ಆಪರೇಟಿಂಗ್ ಸಿಸ್ಟಮ್ ಉಬುಂಟು 24.04 ಎಲ್‌ಟಿಎಸ್ ಅಥವಾ ಡೆಬಿಯನ್ ಸ್ಟೇಬಲ್, ಎರಡರಲ್ಲಿ ಯಾವುದಾದರೂ ಸರಿ. ಎಲ್‌ಟಿಎಸ್ (ದೀರ್ಘ ಬೆಂಬಲದ ಆವೃತ್ತಿ) ಅಲ್ಲದ ಉಬುಂಟುಗೆ ಬರೀ ಒಂಬತ್ತು ತಿಂಗಳ ಬೆಂಬಲ, ಅದನ್ನು ಸರ್ವರಿಗೆ ಹಾಕಬೇಡಿ.

ಬಾಗಿಲು ಹಾಕಿಕೊಂಡು ಹೊರಗುಳಿಯದಂತೆ

ಹೊಸ ವಿಪಿಎಸ್ ಕೈಗೆ ಬಂದ ಮೊದಲ ಅರ್ಧ ಗಂಟೆಯ ಕೆಲಸದಲ್ಲಿ ಕ್ರಮ ಮುಖ್ಯ. ದೂರದ ಯಂತ್ರಕ್ಕೆ ಲಾಗಿನ್ ಆಗುವ ದಾರಿ ಎಸ್‌ಎಸ್‌ಎಚ್. ಅದರ ಕೀ ನಿಮ್ಮ ಲ್ಯಾಪ್‌ಟಾಪಿನಲ್ಲಿ ಮಾಡಿ, ಅದರ ಪಬ್ಲಿಕ್ ಭಾಗವನ್ನು ಮಾತ್ರ ಸರ್ವರಿಗೆ ಕಳಿಸಿ. ರೂಟ್ ಅಲ್ಲದ ಒಬ್ಬ ಬಳಕೆದಾರನನ್ನು ಸೇರಿಸಿ ಅವನಿಗೆ ಸುಡೋ ಹಕ್ಕು (ಬೇಕಾದಾಗ ರೂಟ್ ಆಗಿ ಕಮಾಂಡ್ ಕೊಡುವುದು) ಕೊಡಿ. ಆಮೇಲೆ ಯುಎಫ್‌ಡಬ್ಲ್ಯು ಫೈರ್‌ವಾಲ್. ಇಲ್ಲಿ ಮೊದಲು 'ಯುಎಫ್‌ಡಬ್ಲ್ಯು ಅಲೋ ಓಪನ್‌ಎಸ್‌ಎಸ್‌ಎಚ್', ಆಮೇಲೆ 'ಯುಎಫ್‌ಡಬ್ಲ್ಯು ಎನೇಬಲ್'. ಉಲ್ಟಾ ಮಾಡಿದರೆ ಎಸ್‌ಎಸ್‌ಎಚ್‌ನ ಪೋರ್ಟ್ 22 ಮುಚ್ಚುತ್ತದೆ, ಮುಂದಿನ ಸಲ ಲಾಗಿನ್ ಆಗಲು ಬಾಗಿಲೇ ಇರುವುದಿಲ್ಲ. ಆಗ ಹೋಸ್ಟಿಂಗ್ ಕಂಪನಿಯ ಡ್ಯಾಶ್‌ಬೋರ್ಡಿನಲ್ಲಿರುವ ವೆಬ್ ಕನ್ಸೋಲ್ ಒಂದೇ ಗತಿ.

ಪಾಸ್‌ವರ್ಡ್ ಲಾಗಿನ್ ನಿಲ್ಲಿಸುವಾಗ ಬಹಳ ಜನ ಎಡವುವ ಜಾಗ ಒಂದಿದೆ. ಸರ್ವರಿನಲ್ಲಿ ಎಸ್‌ಎಸ್‌ಎಚ್ ಲಾಗಿನ್ ನೋಡಿಕೊಳ್ಳುವ ಎಸ್‌ಎಸ್‌ಎಚ್‌ಡಿಯ ಮುಖ್ಯ ಕಾನ್ಫಿಗ್ ಫೈಲಿನಲ್ಲಿ 'ಪಾಸ್‌ವರ್ಡ್ ಅಥೆಂಟಿಕೇಶನ್ ನೋ' ಎಂದು ಬರೆದು ನಿಶ್ಚಿಂತರಾಗುತ್ತಾರೆ, ಪಾಸ್‌ವರ್ಡ್ ಮಾತ್ರ ಇನ್ನೂ ನಡೆಯುತ್ತಲೇ ಇರುತ್ತದೆ. ಹೋಸ್ಟಿಂಗ್ ಕಂಪನಿಗಳು ಹಾಕಿಕೊಡುವ ಉಬುಂಟುವಿನ ಕ್ಲೌಡ್ ಇಮೇಜ್‌ಗಳಲ್ಲಿ ಪಕ್ಕದ ಫೋಲ್ಡರಿನಲ್ಲಿ 50 ಎಂಬ ಸಂಖ್ಯೆಯಿಂದ ಶುರುವಾಗುವ, ಕ್ಲೌಡ್-ಇನಿಟ್ ಹೆಸರಿನ ಚಿಕ್ಕ ಫೈಲ್ ಇರುವುದುಂಟು. ಅದರಲ್ಲಿ 'ಯೆಸ್' ಎಂದು ಬರೆದಿರುತ್ತದೆ. ಮುಖ್ಯ ಫೈಲಿನ ಮೇಲ್ಭಾಗದಲ್ಲೇ ಆ ಫೋಲ್ಡರನ್ನು ಒಳಸೇರಿಸುವ ಸಾಲು ಇರುತ್ತದೆ. ಎಸ್‌ಎಸ್‌ಎಚ್‌ಡಿಯ ನಿಯಮವೋ, ಮೊದಲು ಕಂಡ ಬೆಲೆಯೇ ಕೊನೆ, ಆಮೇಲೆ ಬರೆದದ್ದು ಲೆಕ್ಕಕ್ಕಿಲ್ಲ. ಬೇರೆ ಹಲವು ಪ್ರೋಗ್ರಾಮುಗಳಲ್ಲಿ ಇದು ತಿರುಗಾಮುರುಗ ಆಗಿರುವುದರಿಂದಲೇ ಈ ಗೊಂದಲ. 'ಸುಡೋ ಎಸ್‌ಎಸ್‌ಎಚ್‌ಡಿ ಹೈಫನ್-ಟಿ' ಎಂದು ದೊಡ್ಡ ಟಿ ಹಾಕಿ ಕೊಟ್ಟರೆ ಈಗ ನಿಜವಾಗಿ ಜಾರಿಯಲ್ಲಿರುವ ಬೆಲೆಗಳೆಲ್ಲ ಕಾಣುತ್ತವೆ. ಚಿಕ್ಕ ಟಿ ಬರೀ ವ್ಯಾಕರಣ ತಪ್ಪು ನೋಡುತ್ತದೆ. ಬದಲಾಯಿಸಿದ ಮೇಲೆ ಈಗಿರುವ ಟರ್ಮಿನಲ್ ಮುಚ್ಚಬೇಡಿ. ಇನ್ನೊಂದು ಟರ್ಮಿನಲ್‌ನಿಂದ ಲಾಗಿನ್ ಆಗುತ್ತದೆ ಎಂದು ಖಚಿತವಾದ ಮೇಲೆ ಮುಚ್ಚಿ.

ಎಂಜಿನ್‌ಎಕ್ಸ್ ಮತ್ತು 403ರ ಎರಡು ಮುಖ

'ಸುಡೋ ಆಪ್ಟ್ ಅಪ್‌ಡೇಟ್', ಆಮೇಲೆ 'ಸುಡೋ ಆಪ್ಟ್ ಇನ್‌ಸ್ಟಾಲ್ ಎಂಜಿನ್‌ಎಕ್ಸ್'. ಅಷ್ಟೇ. ಅಪಾಚಿ ಹಾಕಿದರೂ ತಪ್ಪಿಲ್ಲ. 1995ರಿಂದ ನಡೆದುಬಂದ ಗಟ್ಟಿ ಸರ್ವರ್ ಅದು. ಆದರೆ 2004ರಲ್ಲಿ ಇಗೋರ್ ಸಿಸೋಯೆವ್ ಹೊರತಂದ ಎಂಜಿನ್‌ಎಕ್ಸ್‌ನ ಕಾನ್ಫಿಗ್ ಹೊಸಬರ ಕಣ್ಣಿಗೆ ಚೊಕ್ಕವಾಗಿ ಕಾಣುತ್ತದೆ, ಕಡಿಮೆ ರ‍್ಯಾಮ್‌ನಲ್ಲೂ ತಡೆದುಕೊಳ್ಳುತ್ತದೆ. ಎರಡನ್ನೂ ಒಟ್ಟಿಗೆ ಹಾಕಬೇಡಿ. ಮೊದಲು ಎದ್ದದ್ದು ಪೋರ್ಟ್ 80 ಹಿಡಿದುಕೊಳ್ಳುತ್ತದೆ, ಎರಡನೆಯದು 'ಅಡ್ರೆಸ್ ಆಲ್ರೆಡಿ ಇನ್ ಯೂಸ್' ಎಂದು ಕೈಚೆಲ್ಲುತ್ತದೆ.

ಡೆಬಿಯನ್ ಮತ್ತು ಉಬುಂಟುವಿನಲ್ಲಿ ಸೈಟುಗಳ ಕಾನ್ಫಿಗ್ ಇರುವುದು ಸೈಟ್ಸ್-ಅವೈಲಬಲ್ ಫೋಲ್ಡರಿನಲ್ಲಿ. ಜಾರಿಗೆ ಬರುವುದು ಸೈಟ್ಸ್-ಎನೇಬಲ್ಡ್‌ನಲ್ಲಿ ಅದಕ್ಕೊಂದು ಸಿಮ್‌ಲಿಂಕ್ (ಮೂಲ ಫೈಲಿಗೆ ಕೈತೋರುವ ಕೊಂಡಿ) ಹಾಕಿದಾಗ. ಒಂದು ಸೈಟಿಗೆ ಬೇಕಾದ್ದು ನಾಲ್ಕೇ ವಿಷಯ: ಯಾವ ಪೋರ್ಟ್ ಎಂಬ 'ಲಿಸನ್' ಸಾಲು, ಯಾವ ಹೆಸರು ಎಂಬ 'ಸರ್ವರ್-ನೇಮ್' ಸಾಲು, ಫೈಲುಗಳು ಎಲ್ಲಿವೆ ಎಂಬ 'ರೂಟ್' ಸಾಲು, ಫೋಲ್ಡರ್ ಕೇಳಿದರೆ ಯಾವ ಫೈಲ್ ಕೊಡಬೇಕು ಎಂಬ 'ಇಂಡೆಕ್ಸ್' ಸಾಲು. ಉಳಿದದ್ದೆಲ್ಲ ಬೇಕಾದಾಗ. ಬೇರೆಯವರ ಎಂಬತ್ತು ಸಾಲಿನ ಕಾನ್ಫಿಗ್ ತಂದು ಅಂಟಿಸಿದರೆ ಅದರಲ್ಲಿ ಯಾವ ಸಾಲು ನಿಮ್ಮ ಕಾಲೆಳೆಯುತ್ತಿದೆ ಎಂದು ಗೊತ್ತಾಗುವುದೇ ಇಲ್ಲ.

ಇಂಥ ಪ್ರತಿ ಸಾಲಿನ ಕೊನೆಗೆ ಸೆಮಿಕೋಲನ್ ಬೇಕು. ಬದಲಾವಣೆ ಮಾಡಿದಾಗಲೆಲ್ಲ 'ಸುಡೋ ಎಂಜಿನ್‌ಎಕ್ಸ್ ಹೈಫನ್-ಟಿ' (ಚಿಕ್ಕ ಟಿ) ಕೊಡಿ. ಸೆಮಿಕೋಲನ್ ಬಿಟ್ಟಿದ್ದರೆ ಅದು ತೋರಿಸುವ ಸಾಲಿನ ಸಂಖ್ಯೆ ಹೆಚ್ಚಾಗಿ ತಪ್ಪಾದ ಸಾಲಿನ ಮುಂದಿನದು, ಯಾಕೆಂದರೆ ಸೆಮಿಕೋಲನ್ ಸಿಗುವವರೆಗೆ ಅದು ಓದುತ್ತಲೇ ಹೋಗುತ್ತದೆ. ಹಾಗಾಗಿ ಒಂದು ಸಾಲು ಮೇಲೆಯೂ ನೋಡಿ. ಪರೀಕ್ಷೆ ಪಾಸಾದ ಮೇಲೆ 'ರೀಸ್ಟಾರ್ಟ್' ಬೇಡ, 'ರೀಲೋಡ್' ಸಾಕು. ಕಾನ್ಫಿಗ್ ಕೆಟ್ಟಿದ್ದರೂ ರೀಲೋಡ್‌ನಲ್ಲಿ ಹಳೆಯ ಕಾನ್ಫಿಗ್ ಮೇಲೆಯೇ ಸರ್ವರ್ ಓಡುತ್ತಿರುತ್ತದೆ. ರೀಸ್ಟಾರ್ಟ್‌ನಲ್ಲಿ ನಿಂತದ್ದು ಏಳುವುದಿಲ್ಲ. ಇನ್ನೊಂದು: ಸೈಟ್ಸ್-ಎನೇಬಲ್ಡ್‌ನಲ್ಲಿ ಇರುವ ಎಲ್ಲ ಫೈಲುಗಳನ್ನೂ ಎಂಜಿನ್‌ಎಕ್ಸ್ ಓದುತ್ತದೆ. ಎಡಿಟರ್ ಬಿಟ್ಟುಹೋದ ಬ್ಯಾಕಪ್ ನಕಲನ್ನೂ. ಬದಲಾವಣೆ ಏನೂ ಕಾಣುತ್ತಿಲ್ಲ, 'ಕಾನ್‌ಫ್ಲಿಕ್ಟಿಂಗ್ ಸರ್ವರ್ ನೇಮ್' ಎಂಬ ಎಚ್ಚರಿಕೆ ಬರುತ್ತಿದೆ ಎಂದರೆ ಅಲ್ಲಿ ಹಳೆಯ ನಕಲು ಕೂತಿದೆಯೇ ನೋಡಿ.

ಈಗ 403, ಅಂದರೆ ಪುಟ ಕೊಡಲು ಸರ್ವರ್ ಒಪ್ಪದಿರುವುದು. 'ಫಾರ್‌ಬಿಡನ್' ಎಂದು ಕಂಡ ಕೂಡಲೇ ಕೆಲವರು ಇಡೀ ಫೋಲ್ಡರಿಗೆ 777 (ಎಲ್ಲರಿಗೂ ಓದುವ, ಬರೆಯುವ, ಓಡಿಸುವ ಅನುಮತಿ) ಹಾಕಿ ಕೈತೊಳೆದುಕೊಳ್ಳುತ್ತಾರೆ. ಅದು ಸರ್ವರಿನಲ್ಲಿರುವ ಯಾವ ಪ್ರೋಗ್ರಾಮ್ ಬೇಕಾದರೂ ನಿಮ್ಮ ಪುಟಗಳನ್ನು ತಿದ್ದಲಿ ಎಂದು ಬಿಟ್ಟಂತೆ, ಎಷ್ಟೋ ಸಲ ಅದರಿಂದ 403 ಹೋಗುವುದೂ ಇಲ್ಲ. ಎಂಜಿನ್‌ಎಕ್ಸ್ ತಪ್ಪುಗಳನ್ನು ಬರೆದಿಡುವ ಎರರ್ ಲಾಗ್ ತೆರೆದು ಕೊನೆಯ ಸಾಲು ಓದಿದರೆ ಎರಡರಲ್ಲಿ ಒಂದು ಇರುತ್ತದೆ. 'ಡೈರೆಕ್ಟರಿ ಇಂಡೆಕ್ಸ್ ಈಸ್ ಫಾರ್‌ಬಿಡನ್' ಎಂದಿದ್ದರೆ ಅನುಮತಿಗೂ ಇದಕ್ಕೂ ಸಂಬಂಧವಿಲ್ಲ. ಫೋಲ್ಡರ್ ಇದೆ, ಒಳಗೆ ಇಂಡೆಕ್ಸ್ ಫೈಲ್ ಇಲ್ಲ, ಅಥವಾ ಹೆಸರಿನಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ವ್ಯತ್ಯಾಸ ಆಗಿದೆ. ವಿಂಡೋಸ್‌ಗೆ ಎರಡೂ ಒಂದೇ, ಲಿನಕ್ಸ್‌ಗೆ ಬೇರೆ ಬೇರೆ.

'ಪರ್ಮಿಶನ್ ಡಿನೈಡ್' ಎಂದು 13ನೇ ಸಂಖ್ಯೆಯೊಂದಿಗೆ ಬಂದಿದ್ದರೆ ಅನುಮತಿಯದೇ ತೊಂದರೆ, ಆದರೆ ಹೆಚ್ಚಾಗಿ ಫೈಲಿನದಲ್ಲ, ದಾರಿಯದು. ಎಂಜಿನ್‌ಎಕ್ಸ್‌ನ ಕೆಲಸದ ಪ್ರೊಸೆಸ್‌ಗಳು ಓಡುವುದು ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ ಎಂಬ ಬಳಕೆದಾರನ ಹೆಸರಲ್ಲಿ. ಫೈಲ್ ಓದಬೇಕಾದರೆ ಬುಡದಿಂದ ಅಲ್ಲಿಯವರೆಗಿನ ಪ್ರತಿ ಫೋಲ್ಡರನ್ನೂ ದಾಟುವ ಹಕ್ಕು ಅವನಿಗಿರಬೇಕು. ಉಬುಂಟು 21.04ರಿಂದ ಹೊಸ ಹೋಮ್ ಫೋಲ್ಡರುಗಳ ಅನುಮತಿ 750, ಹೊರಗಿನವರಿಗೆ ಒಳಗೆ ಕಾಲಿಡಲಿಕ್ಕೇ ಇಲ್ಲ. ಹೋಮ್ ಫೋಲ್ಡರಿನೊಳಗೆ ಸೈಟ್ ಇಟ್ಟು ಒಳಗಿನ ಫೈಲಿಗೆ 777 ಹಾಕಿದರೂ ಪುಟ ಬರದಿರುವುದು ಇದಕ್ಕೇ. 'ನೇಮ್-ಐ ಹೈಫನ್-ಎಲ್' ಎಂಬ ಕಮಾಂಡಿಗೆ ಫೈಲಿನ ಪೂರ್ತಿ ವಿಳಾಸ ಕೊಟ್ಟರೆ ದಾರಿಯ ಪ್ರತಿ ಮೆಟ್ಟಿಲಿನ ಅನುಮತಿಯನ್ನು ಒಂದರ ಕೆಳಗೊಂದು ತೋರಿಸುತ್ತದೆ. ಯಾವ ಮೆಟ್ಟಿಲಲ್ಲಿ ದಾಟುವ ಎಕ್ಸ್ ಇಲ್ಲವೋ ಅದೇ ಅಡ್ಡಿ. ಸರಿಯಾದ ಪರಿಹಾರ, ಸೈಟನ್ನು ವರ್ ಫೋಲ್ಡರಿನೊಳಗಿನ ಡಬ್ಲ್ಯುಡಬ್ಲ್ಯುಡಬ್ಲ್ಯು ಫೋಲ್ಡರಿಗೆ ಒಯ್ದು, ಫೋಲ್ಡರುಗಳಿಗೆ 755, ಫೈಲುಗಳಿಗೆ 644 ಇಡುವುದು.

ತಪ್ಪು ಎಲ್ಲಿಂದ ಮಾತಾಡುತ್ತಿದೆ

ಸರ್ವರಿನ ಒಳಗಿನಿಂದ 127.0.0.1ಕ್ಕೆ ಕರ್ಲ್ ಕೊಟ್ಟಾಗ ಪುಟ ಬಂತು ಅಂದರೆ ಎಂಜಿನ್‌ಎಕ್ಸ್ ಸರಿಯಿದೆ. ಇನ್ನು ಮುಂದೆ ಎಂಜಿನ್‌ಎಕ್ಸ್ ಮೇಲೆ ಕೈಯಿಡಬೇಡಿ. ಲ್ಯಾಪ್‌ಟಾಪಿನಿಂದ ಸರ್ವರಿನ ಸಾರ್ವಜನಿಕ ಐಪಿಗೆ ಕರ್ಲ್ ಕೊಡಿ. ಬರದಿದ್ದರೆ ಯಾವ ಬಗೆಯಲ್ಲಿ ಬರಲಿಲ್ಲ ಎಂಬುದೇ ಉತ್ತರ.

'ಕನೆಕ್ಷನ್ ರೆಫ್ಯೂಸ್ಡ್' ಎಂದು ತಟ್ಟನೆ ಬಂದರೆ ಒಳ್ಳೆಯ ಸುದ್ದಿ. ರಿಕ್ವೆಸ್ಟ್ ಯಂತ್ರದವರೆಗೆ ಹೋಗಿದೆ, ಆ ಪೋರ್ಟ್‌ನಲ್ಲಿ ಯಾರೂ ಕೂತಿಲ್ಲ ಎಂದು ಯಂತ್ರವೇ ಹೇಳಿ ಕಳಿಸಿದೆ. 'ಸುಡೋ ಎಸ್‌ಎಸ್ ಹೈಫನ್-ಟಿಎಲ್‌ಎನ್‌ಪಿ' ಕೊಟ್ಟು 80ರ ಮುಂದೆ ಏನಿದೆ ನೋಡಿ. 0.0.0.0 ಎಂದಿದ್ದರೆ ಎಲ್ಲರಿಗೂ ಕಿವಿ ತೆರೆದಿದೆ, 127.0.0.1 ಎಂದಿದ್ದರೆ ತನ್ನೊಳಗಿನ ಮಾತಿಗೆ ಮಾತ್ರ.

ಅರ್ಧ ನಿಮಿಷ, ಒಂದು ನಿಮಿಷ ಸುಮ್ಮನೆ ಕಾಯಿಸಿ 'ಟೈಮ್ಡ್ ಔಟ್' ಎಂದರೆ ದಾರಿಯಲ್ಲಿ ಯಾರೋ ಪ್ಯಾಕೆಟ್ಟನ್ನು ಸದ್ದಿಲ್ಲದೆ ನುಂಗಿದ್ದಾರೆ. ಸಾಮಾನ್ಯವಾಗಿ ಅದು ಫೈರ್‌ವಾಲ್. ಯುಎಫ್‌ಡಬ್ಲ್ಯುನಲ್ಲಿ 'ಎಂಜಿನ್‌ಎಕ್ಸ್ ಫುಲ್' ಎಂಬ ಪ್ರೊಫೈಲ್ ಅಲೋ ಮಾಡಿದರೆ 80 ಮತ್ತು ಎಚ್‌ಟಿಟಿಪಿಎಸ್‌ನ 443 ಎರಡೂ ತೆರೆಯುತ್ತವೆ. ಅದಾದ ಮೇಲೂ ಟೈಮ್ ಔಟ್ ಆದರೆ ಹೋಸ್ಟಿಂಗ್ ಕಂಪನಿಯ ಡ್ಯಾಶ್‌ಬೋರ್ಡಿನಲ್ಲಿ ಇನ್ನೊಂದು ಫೈರ್‌ವಾಲ್ ಇರುತ್ತದೆ. ಕೆಲವು ಕಡೆ ಅದಕ್ಕೆ ಸೆಕ್ಯುರಿಟಿ ಗ್ರೂಪ್ ಎನ್ನುತ್ತಾರೆ. ಅದು ಯಂತ್ರದ ಹೊರಗಿರುವುದರಿಂದ ಸರ್ವರಿನ ಒಳಗೆ ಎಷ್ಟು ಹುಡುಕಿದರೂ ಅದರ ಸುಳಿವು ಸಿಗದು.

404, 403, 502 ಇವೆಲ್ಲ ಸರ್ವರೇ ಮಾತಾಡಿದ ಸಂಖ್ಯೆಗಳು. ಇವು ಬಂದರೆ ನೆಟ್‌ವರ್ಕ್, ಫೈರ್‌ವಾಲ್, ಡಿಎನ್‌ಎಸ್ ಎಲ್ಲ ಸರಿಯಿವೆ ಎಂದೇ ಅರ್ಥ, ಲಾಗ್ ನೋಡಿ. 502 ಎಂದರೆ ಎಂಜಿನ್‌ಎಕ್ಸ್‌ನ ಹಿಂದೆ ನಿಂತು ಪುಟ ತಯಾರಿಸುವ ಪಿಎಚ್‌ಪಿಯೋ ನೋಡ್ ಪ್ರೋಗ್ರಾಮೋ ಮಲಗಿದೆ. ಬರೀ ಪುಟಗಳಿರುವ ಸೈಟಿನಲ್ಲಿ ಅದು ಬರುವುದೇ ಇಲ್ಲ.

ಮನೆಯ ಸರ್ವರನ್ನು ಹೊರಗಿನಿಂದ ಪರೀಕ್ಷಿಸುವಾಗ ಫೋನಿನ ವೈಫೈ ಆರಿಸಿ ಮೊಬೈಲ್ ಡೇಟಾದಲ್ಲಿ ನೋಡಿ. ಮನೆಯೊಳಗಿನಿಂದ ತನ್ನದೇ ಸಾರ್ವಜನಿಕ ಐಪಿಗೆ ಬಂದ ರಿಕ್ವೆಸ್ಟನ್ನು ಕೆಲವು ರೂಟರುಗಳು ತಿರುಗಿಸಿ ಒಳಗೆ ಬಿಡುವುದಿಲ್ಲ. ಹೊರಗೆ ಎಲ್ಲರಿಗೂ ತೆರೆಯುತ್ತಿದ್ದರೂ ನಿಮಗೆ ಮಾತ್ರ ತೆರೆಯದು.

ಹೆಸರು

ಐಪಿಯಲ್ಲಿ ಪುಟ ಬಂದ ಮೇಲೆ ಡೊಮೇನ್. ಹೆಸರನ್ನು ಐಪಿಗೆ ಜೋಡಿಸುವ ಡಿಎನ್‌ಎಸ್ ಸಾಲಾದ ಎ ರೆಕಾರ್ಡಿನಲ್ಲಿ ಸರ್ವರಿನ ಐಪಿ, ಡಬ್ಲ್ಯುಡಬ್ಲ್ಯುಡಬ್ಲ್ಯುಗೆ ಇನ್ನೊಂದು ರೆಕಾರ್ಡ್. ರೆಕಾರ್ಡ್ ಹಾಕುವ ಮೊದಲೇ ಕುತೂಹಲಕ್ಕೆ ಬ್ರೌಸರಿನಲ್ಲಿ ಹೆಸರು ಒತ್ತಿ ನೋಡಬೇಡಿ. 'ಅಂಥ ಹೆಸರಿಲ್ಲ' ಎಂಬ ಉತ್ತರವನ್ನೂ ಡಿಎನ್‌ಎಸ್ ಸರ್ವರುಗಳು ನೆನಪಿಟ್ಟುಕೊಳ್ಳುತ್ತವೆ. ಆಮೇಲೆ ರೆಕಾರ್ಡ್ ಹಾಕಿದರೂ ಆ ನೆನಪು ಅಳಿಯುವವರೆಗೆ ನಿಮಗೆ ಮಾತ್ರ ಸೈಟ್ ಕಾಣದು.

ಇನ್ನೊಂದು ಬಲೆ ನಮ್ಮ ದೇಶದಲ್ಲಿ ಹೆಚ್ಚು ಜನರನ್ನು ಹಿಡಿಯುತ್ತದೆ. ಮನೆಯ ಬ್ರಾಡ್‌ಬ್ಯಾಂಡಿನಲ್ಲಿ ಸೈಟ್ ಸರಿಯಾಗಿ ಬರುತ್ತದೆ, ಮೊಬೈಲ್ ಡೇಟಾದಲ್ಲಿ 'ವೆಲ್ಕಂ ಟು ಎಂಜಿನ್‌ಎಕ್ಸ್' ಎಂಬ ಬೋಳು ಪುಟ ಬರುತ್ತದೆ. ಕ್ಯಾಶ್ ಅಳಿಸಿ, ಫೋನ್ ಬದಲಿಸಿ ಸುಸ್ತಾಗುತ್ತಾರೆ. ಭಾರತದ ಮೊಬೈಲ್ ನೆಟ್‌ವರ್ಕುಗಳಲ್ಲಿ ಐಪಿವಿ6 (ಹಳೆಯ ಐಪಿವಿ4ರ ಮುಂದಿನ, ಉದ್ದ ವಿಳಾಸಗಳ ಪದ್ಧತಿ) ವ್ಯಾಪಕ. ಡೊಮೇನಿಗೆ ಕ್ವಾಡ್-ಎ (ಐಪಿವಿ6 ವಿಳಾಸದ) ರೆಕಾರ್ಡ್ ಇದ್ದರೆ ಫೋನ್ ಆ ದಾರಿಯನ್ನೇ ಮೊದಲು ಹಿಡಿಯುತ್ತದೆ. ನೀವು ಬರೆದ ಕಾನ್ಫಿಗ್‌ನಲ್ಲಿ ಬರೀ 'ಲಿಸನ್ 80' ಇದ್ದರೆ ಅದು ಐಪಿವಿ4ಕ್ಕೆ ಮಾತ್ರ. ಡೆಬಿಯನ್ ಜೊತೆಗೆ ಕೊಟ್ಟ ಡಿಫಾಲ್ಟ್ ಫೈಲಿನಲ್ಲಿ ಎರಡಕ್ಕೂ ಲಿಸನ್ ಸಾಲುಗಳಿವೆ. ಹಾಗಾಗಿ ಐಪಿವಿ6ರಲ್ಲಿ ಬಂದವರಿಗೆಲ್ಲ ಅದೇ ಉತ್ತರ ಕೊಡುತ್ತದೆ. ಚೌಕ ಆವರಣದೊಳಗೆ ಎರಡು ಕೋಲನ್, ಆವರಣದ ಹೊರಗೆ ಕೋಲನ್ 80 ಇರುವ ಇನ್ನೊಂದು ಲಿಸನ್ ಸಾಲು ಸೇರಿಸಿ, ಡಿಫಾಲ್ಟ್‌ನ ಸಿಮ್‌ಲಿಂಕ್ ತೆಗೆಯಿರಿ. ಕರ್ಲ್‌ಗೆ 'ಹೈಫನ್-4', 'ಹೈಫನ್-6' ಎಂದು ಕೊಟ್ಟು ಎರಡು ದಾರಿಯನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬಹುದು.

ಡಾಟ್ ಭಾರತ ಎಂದು ಪೂರ್ತಿ ಕನ್ನಡ ಲಿಪಿಯ ಡೊಮೇನ್ ಕೊಂಡವರು ಸರ್ವರ್-ನೇಮ್ ಸಾಲಿನಲ್ಲಿ ಕನ್ನಡದಲ್ಲೇ ಬರೆದರೆ ನಡೆಯದು. ಬ್ರೌಸರ್ ಆ ಹೆಸರನ್ನು ಪ್ಯೂನಿಕೋಡ್ ಎಂಬ ಇಂಗ್ಲಿಷ್ ಅಕ್ಷರ-ಅಂಕಿಗಳ ರೂಪಕ್ಕೆ ತಿರುಗಿಸಿ ಕಳಿಸುತ್ತದೆ. ಎಂಜಿನ್‌ಎಕ್ಸ್‌ಗೂ ಅದೇ ರೂಪ ಕೊಡಬೇಕು.

ಎಚ್‌ಟಿಟಿಪಿಎಸ್

ಎಚ್‌ಟಿಟಿಪಿಎಸ್‌ಗೆ ಸೈಟಿನ ಗುರುತುಪತ್ರವಾದ ಸರ್ಟಿಫಿಕೇಟ್ ಬೇಕು. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಸರ್ಟಿಫಿಕೇಟ್ ಉಚಿತ, ಅದನ್ನು ತರುವ ಸರ್ಟ್‌ಬಾಟ್ ಮತ್ತು ಅದರ ಎಂಜಿನ್‌ಎಕ್ಸ್ ಪ್ಲಗಿನ್ ಹಾಕಿದರೆ ಕೆಲಸ ಐದು ನಿಮಿಷದ್ದು. ಷರತ್ತು ಎರಡು: ಹೆಸರು ಈ ಸರ್ವರಿಗೇ ಬರುತ್ತಿರಬೇಕು, ಪೋರ್ಟ್ 80 ತೆರೆದಿರಬೇಕು. 'ಎಲ್ಲ ಎಚ್‌ಟಿಟಿಪಿಎಸ್ ಆಯಿತಲ್ಲ' ಎಂದು ಆಮೇಲೆ 80 ಮುಚ್ಚಿದರೆ ಮುಂದಿನ ನವೀಕರಣ ಬಿದ್ದುಹೋಗುತ್ತದೆ. ಮೊದಲ ಸಲವೇ ನಿಜವಾದ ಸರ್ಟಿಫಿಕೇಟ್ ಕೇಳುವ ಬದಲು 'ಡ್ರೈ-ರನ್' ಎಂಬ ಆಯ್ಕೆಯಲ್ಲಿ ಓಡಿಸಿ ನೋಡಿ. ಒಂದು ಹೆಸರಿಗೆ ಗಂಟೆಯಲ್ಲಿ ಐದು ಸಲ ತಪ್ಪಿದರೆ ಕಾಯಿಸುತ್ತಾರೆ. ಒಂದೇ ಹೆಸರುಗಳ ಗುಂಪಿಗೆ ಏಳು ದಿನದಲ್ಲಿ ಐದಕ್ಕಿಂತ ಹೆಚ್ಚು ಸರ್ಟಿಫಿಕೇಟ್ ಕೊಡುವುದಿಲ್ಲ. ಸರ್ವರನ್ನು ಅಳಿಸಿ ಅಳಿಸಿ ಕಟ್ಟುವವರು ಇದಕ್ಕೆ ಸಿಕ್ಕಿಬೀಳುತ್ತಾರೆ.

ಅವಧಿ ಮುಗಿಯುತ್ತಿದೆ ಎಂದು ಮೊದಲು ಇಮೇಲ್ ಬರುತ್ತಿತ್ತು. 2025ರ ಜೂನ್‌ನಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಅದನ್ನು ನಿಲ್ಲಿಸಿದೆ. ಹಳೆಯ ಬರಹಗಳನ್ನು ನಂಬಿ ಇಮೇಲಿಗೆ ಕಾಯುತ್ತ ಕೂರಬೇಡಿ. ಸರ್ಟಿಫಿಕೇಟುಗಳ ಆಯಸ್ಸೂ ಕುಗ್ಗುತ್ತಿದೆ: ಬ್ರೌಸರ್ ಕಂಪನಿಗಳೂ ಸರ್ಟಿಫಿಕೇಟ್ ಸಂಸ್ಥೆಗಳೂ ಒಪ್ಪಿಕೊಂಡಿರುವಂತೆ 2029ರ ಮಾರ್ಚ್‌ನಿಂದ ಯಾವ ಸಾರ್ವಜನಿಕ ಸರ್ಟಿಫಿಕೇಟೂ 47 ದಿನ ಮೀರುವಂತಿಲ್ಲ. ಕೈಯಾರೆ ನವೀಕರಿಸುವ ಪದ್ಧತಿಗೆ ಅಲ್ಲಿಗೆ ಮುಕ್ತಾಯ. ಸರ್ಟ್‌ಬಾಟ್‌ನ ಟೈಮರ್ ಓಡುತ್ತಿದೆಯೇ ಎಂದು 'ಸಿಸ್ಟಮ್‌ಸಿಟಿಎಲ್ ಲಿಸ್ಟ್-ಟೈಮರ್ಸ್' ಕೊಟ್ಟು ಇವತ್ತೇ ನೋಡಿಕೊಳ್ಳುವುದು ಒಳ್ಳೆಯದು.

ಕನ್ನಡ ಪುಟ ಇಡುವವರಿಗೆ

ಪುಟದ ತುಂಬ ಚಿಕ್ಕ ಎ ಮೇಲೊಂದು ಓರೆಗೆರೆ, ಅದರ ಪಕ್ಕದಲ್ಲಿ ಪುಟಾಣಿ 2 ಅಥವಾ 3, ಹೀಗೆ ಕಾಣುತ್ತಿದ್ದರೆ ಫೈಲ್ ಹಾಳಾಗಿಲ್ಲ. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಪದ್ಧತಿಯಾದ ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಅಕ್ಷರಚಿಹ್ನೆಗೂ ಮೂರು ಬೈಟ್. ಮೊದಲ ಬೈಟ್ ಎಲ್ಲಕ್ಕೂ ಒಂದೇ, ಎರಡನೆಯದು ಎರಡೇ ಬಗೆ. ಬ್ರೌಸರ್ ಆ ಬೈಟುಗಳನ್ನು ಪಶ್ಚಿಮ ಯುರೋಪಿನ ಅಕ್ಷರಗಳೆಂದು ಓದಿದಾಗ ಈ ಸಾಲುಸಾಲು ಓರೆಗೆರೆಗಳು. ಎಚ್‌ಟಿಎಂಎಲ್ ಪುಟದಲ್ಲಿ ಯುಟಿಎಫ್-8 ಎಂದು ಹೇಳುವ ಮೆಟಾ ಟ್ಯಾಗ್ ಹಾಕಿದರೆ ಸರಿಹೋಗುತ್ತದೆ. ಬರೀ ಟೆಕ್ಸ್ಟ್ ಫೈಲಿಗೆ ಮೆಟಾ ಹಾಕಲು ಜಾಗವೇ ಇಲ್ಲ. ಎಂಜಿನ್‌ಎಕ್ಸ್ ತಾನಾಗಿ ಚಾರ್‌ಸೆಟ್ ಹೇಳುವುದಿಲ್ಲ, ಸೈಟಿನ ಕಾನ್ಫಿಗ್‌ನಲ್ಲಿ 'ಚಾರ್‌ಸೆಟ್ ಯುಟಿಎಫ್-8' ಎಂಬ ಒಂದು ಸಾಲು ಹಾಕಿ ಮರೆತುಬಿಡಿ.

ಮೂರು ಬೈಟ್ ಎಂದು ಪುಟ ಭಾರವಾದೀತೆಂಬ ಚಿಂತೆ ಬೇಡ. ಒಂದೇ ಬೈಟುಗಳು ಮತ್ತೆ ಮತ್ತೆ ಬರುವುದರಿಂದ ಪುಟವನ್ನು ಕುಗ್ಗಿಸಿ ಕಳಿಸುವ ಜಿಜಿಪ್‌ಗೆ ಕನ್ನಡ ಹಬ್ಬದೂಟ. ಡೆಬಿಯನ್‌ನಲ್ಲಿ ಎಚ್‌ಟಿಎಂಎಲ್‌ಗೆ ಅದು ಆನ್ ಆಗಿಯೇ ಇರುತ್ತದೆ. ಸಿಎಸ್‌ಎಸ್, ಜಾವಾಸ್ಕ್ರಿಪ್ಟ್, ಟೆಕ್ಸ್ಟ್ ಫೈಲುಗಳಿಗೆ ಮುಖ್ಯ ಕಾನ್ಫಿಗ್‌ನ 'ಜಿಜಿಪ್-ಟೈಪ್ಸ್' ಸಾಲಿನ ಮುಂದಿರುವ ಹ್ಯಾಶ್ ತೆಗೆಯಬೇಕು.

ಫೈಲುಗಳ ಹೆಸರನ್ನು ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲಿಡಿ. ಭಾಷಾಭಿಮಾನದ ಪ್ರಶ್ನೆಯಲ್ಲ. ವಿಳಾಸವನ್ನು ನಕಲು ಮಾಡಿ ಯಾರಿಗಾದರೂ ಕಳಿಸಿದರೆ ಒಂದೊಂದು ಕನ್ನಡ ಚಿಹ್ನೆಯೂ ಶೇಕಡಾ ಗುರುತುಗಳ ಒಂಬತ್ತು ಅಕ್ಷರಗಳಾಗಿ ಹಿಗ್ಗುತ್ತದೆ. ಅದಕ್ಕಿಂತ ಕೆಟ್ಟದ್ದು, 'ಕೊ' ಎಂಬುದರ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡು ಸಂಕೇತ ಸೇರಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಲಿನಕ್ಸ್‌ಗೆ ಅವು ಎರಡು ಬೇರೆ ಫೈಲುಗಳು. ಹೆಸರು ಸರಿಯಾಗೇ ಇದೆ, ಆದರೂ 404 ಎಂದು ತಲೆ ಕೆಡಿಸಿಕೊಳ್ಳುವ ಕೆಲಸ ಯಾರಿಗೂ ಬೇಡ.

ಲಾಗ್ ಓದುವುದು

ಸರ್ಟಿಫಿಕೇಟ್ ಸಿಕ್ಕ ಕೆಲವೇ ನಿಮಿಷಗಳಲ್ಲಿ ಆಕ್ಸೆಸ್ ಲಾಗ್‌ನಲ್ಲಿ ಇಂಥ ಸಾಲುಗಳು ಬೀಳತೊಡಗುತ್ತವೆ (ಐಪಿ ಮಾದರಿಗಾಗಿ):

203.0.113.25 [14/ಮಾರ್ಚ್/2025:03:41:07 +0000] "ಗೆಟ್ /ಡಬ್ಲ್ಯುಪಿ-ಲಾಗಿನ್.ಪಿಎಚ್‌ಪಿ" 404 162

ಯಾರು, ಯಾವಾಗ, ಏನು ಕೇಳಿದರು, ಯಾವ ಸಂಖ್ಯೆ ಕೊಟ್ಟೆವು, ಎಷ್ಟು ಬೈಟ್ ಕಳಿಸಿದೆವು. ಕೇಳಿದ್ದು ವರ್ಡ್‌ಪ್ರೆಸ್ ಎಂಬ ಸೈಟ್ ಪ್ರೋಗ್ರಾಮಿನ ಲಾಗಿನ್ ಪುಟ. ನಿಮ್ಮಲ್ಲಿ ಅದು ಇಲ್ಲ, ಹಾಗಾಗಿ 404. ಇದು ನಿಮ್ಮ ಮೇಲಿನ ದಾಳಿಯೇನಲ್ಲ. ಕೊಟ್ಟ ಪ್ರತಿ ಸರ್ಟಿಫಿಕೇಟಿನ ಹೆಸರೂ ಸಾರ್ವಜನಿಕ ದಾಖಲೆಗೆ ಸೇರುತ್ತದೆ, ಅದನ್ನು ನೋಡುತ್ತ ಕೂತ ಬಾಟ್‌ಗಳು ಹೊಸ ಹೆಸರು ಕಂಡೊಡನೆ ಬಾಗಿಲು ಬಡಿಯುತ್ತವೆ. ಆದರೆ ಡಾಟ್-ಎನ್ವ್ (ಪಾಸ್‌ವರ್ಡುಗಳ ಫೈಲ್) ಅಥವಾ ಡಾಟ್-ಗಿಟ್ (ಬದಲಾವಣೆಗಳ ಇತಿಹಾಸದ ಫೋಲ್ಡರ್) ಕೇಳಿದ ಸಾಲಿನ ಮುಂದೆ 404ರ ಬದಲು 200 (ಕೊಟ್ಟೆ ಎಂಬ ಸಂಖ್ಯೆ) ಕಂಡರೆ ಕೂಡಲೇ ಏಳಬೇಕು. ಗಿಟ್‌ನಿಂದ ಸೈಟ್ ಇಳಿಸಿಕೊಳ್ಳುವವರು ಇಡೀ ರೆಪೊಸಿಟರಿಯನ್ನು ರೂಟ್ ಫೋಲ್ಡರ್ ಮಾಡಿದರೆ ಹಳೆಯ ಪಾಸ್‌ವರ್ಡುಗಳ ಇತಿಹಾಸವೂ ಜೊತೆಗೆ ಹೊರಬೀಳುತ್ತದೆ. ಒಳಗಿನ ಒಂದು ಉಪಫೋಲ್ಡರನ್ನು ಮಾತ್ರ ರೂಟ್ ಮಾಡಿ.

ಸಮಯದ ಮುಂದೆ +0000 ಇರುವುದನ್ನು ಗಮನಿಸಿ. ವಿಪಿಎಸ್‌ಗಳ ಗಡಿಯಾರ ಹೆಚ್ಚಾಗಿ ಯುಟಿಸಿಯಲ್ಲಿರುತ್ತದೆ, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. 03:41 ಎಂದರೆ ನಮ್ಮ ಬೆಳಗಿನ 9:11. 'ಮಧ್ಯರಾತ್ರಿ ಯಾರೋ ನುಗ್ಗಿದ್ದಾರೆ' ಎಂದು ಗಾಬರಿಯಾಗುವ ಮೊದಲು ಕೂಡಿಸಿ ನೋಡಿ.

ಇಷ್ಟಾದ ಮೇಲೆ ಭದ್ರತೆಯ ಅಪ್‌ಡೇಟುಗಳು ತಾವಾಗಿ ಬರುವಂತೆ 'ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್' ಹಾಕಿ. ಆಮೇಲೆ ಬೇಕೆಂದೇ ಒಂದು ಸಲ ರೀಬೂಟ್ ಮಾಡಿ, ಏನನ್ನೂ ಮುಟ್ಟದೆ ಎಲ್ಲವೂ ಏಳುತ್ತದೆಯೇ ಎಂದು ನೋಡಿ. ಕೈಯಾರೆ ಶುರುಮಾಡಿ ಎನೇಬಲ್ ಮಾಡಲು ಮರೆತದ್ದು, ಸೇವ್ ಆಗದ ಫೈರ್‌ವಾಲ್ ನಿಯಮ, ಎಲ್ಲ ಆಗಲೇ ಹೊರಬೀಳುವುದು.

ಬ್ಯಾಕಪ್‌ಗೆ ಬೇಕಾದ್ದು ಸ್ವಲ್ಪ: ಸೈಟಿನ ಫೋಲ್ಡರ್, ಎಂಜಿನ್‌ಎಕ್ಸ್ ಕಾನ್ಫಿಗ್ ಫೋಲ್ಡರ್, ಲೆಟ್ಸ್ ಎನ್‌ಕ್ರಿಪ್ಟ್ ಫೋಲ್ಡರ್. ಕೊನೆಯದು ಇದ್ದರೆ ಬೇರೆ ಸರ್ವರಿಗೆ ಹೋಗುವ ದಿನ ಎಚ್‌ಟಿಟಿಪಿಎಸ್ ಒಂದು ಗಳಿಗೆಯೂ ತಪ್ಪುವುದಿಲ್ಲ. ಹಾಗೆ ಹೋಗುವುದಾದರೆ ಹಿಂದಿನ ದಿನವೇ ಡಿಎನ್‌ಎಸ್‌ನ ಟಿಟಿಎಲ್ (ಉತ್ತರವನ್ನು ನೆನಪಿಡುವ ಅವಧಿ) ಅನ್ನು 300 ಸೆಕೆಂಡಿಗೆ ಇಳಿಸಿ, ಹೊಸ ಐಪಿ ಹಾಕಿದ ಮೇಲೂ ಹಳೆಯದನ್ನು ಒಂದೆರಡು ದಿನ ಹಾಗೇ ಓಡಲು ಬಿಡಿ. ಅದರ ಲಾಗ್‌ನಲ್ಲಿ ಬಾಟ್‌ಗಳನ್ನು ಬಿಟ್ಟು ಬೇರೆ ಯಾರೂ ಕಾಣದಿದ್ದಾಗ ಬಾಡಿಗೆ ನಿಲ್ಲಿಸಿದರಾಯಿತು.